48×48ರಲ್ಲಿ ಒಂದು ಮುಖ: ಆರ್‌ಪಿಜಿ ಗೇಮ್‌ಗೆ ಪಿಕ್ಸೆಲ್ ಆರ್ಟ್ ಪೋರ್ಟ್ರೇಟ್ ಮಾಡೋದು ಹೇಗೆ

ಆರ್‌ಪಿಜಿಯಲ್ಲಿ, ಅಂದ್ರೆ ನಾವೇ ಒಂದು ಪಾತ್ರವಾಗಿ ಕಥೆ ಆಡೋ ಗೇಮ್‌ನಲ್ಲಿ, ಮ್ಯಾಪ್ ಮೇಲೆ ಓಡಾಡೋ ಕ್ಯಾರೆಕ್ಟರ್ ಇರತ್ತಲ್ಲ, ಅದು ಬಹಳಷ್ಟು ಗೇಮ್‌ಗಳಲ್ಲಿ 16×16 ಅಥವಾ 16×24 ಪಿಕ್ಸೆಲ್ ಅಷ್ಟೆ. ಕಣ್ಣು ಅಂದ್ರೆ ಎರಡು ಚುಕ್ಕಿ, ಬಾಯಿ ಇರೋದೇ ಇಲ್ಲ. ಆ ಮನುಷ್ಯ ಸಿಟ್ಟಾಗಿದ್ದಾನಾ, ಹೆದರಿದ್ದಾನಾ, ಏನೋ ಮುಚ್ಚಿಡ್ತಿದ್ದಾನಾ ಅನ್ನೋದೆಲ್ಲ ಆಡೋರಿಗೆ ಗೊತ್ತಾಗೋದು ಡೈಲಾಗ್ ಬಾಕ್ಸ್ ಪಕ್ಕದಲ್ಲಿ ಬರೋ ಆ ಪುಟ್ಟ ಮುಖದಿಂದ. ಕಥೆ ಎಷ್ಟೇ ಚೆನ್ನಾಗಿ ಬರೆದಿದ್ರೂ ಆ ಮುಖ ಸತ್ತ ಹಾಗಿದ್ರೆ ಮಾತು ತಟ್ಟಲ್ಲ. ಅದಕ್ಕೇ ನಾನು ಈ ಕೆಲಸಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳೋದು.

ಇಲ್ಲಿ ಒಂದೇ ಒಂದು ಕ್ಯಾರೆಕ್ಟರ್ ಇಟ್ಕೊಂಡು ಮೊದಲಿಂದ ಕೊನೆ ತನಕ ಹೋಗೋಣ. ಅವಳು ಕಮ್ಮಾರಿಕೆ ಮಾಡೋ ಹೆಂಗಸು, ಐವತ್ತರ ಆಸುಪಾಸು ವಯಸ್ಸು, ಅಗಲವಾದ ದವಡೆ, ನರೆತ ಕೂದಲನ್ನ ಹಿಂದಕ್ಕೆ ಎಳೆದು ಕಟ್ಟಿದ್ದಾಳೆ, ಒಂದು ಹುಬ್ಬಿನ ಮೇಲೆ ಹಳೇ ಸುಟ್ಟ ಗಾಯ. ಹೀಗೆ ಮೂರು ನಾಲ್ಕು ಗುರುತು ಮೊದಲೇ ಬರ್ಕೊಂಡುಬಿಡಿ, ಅದಕ್ಕಿಂತ ಜಾಸ್ತಿ ಬೇಡ, ಯಾಕಂದ್ರೆ ಈ ಸೈಜ್‌ನಲ್ಲಿ ಐದನೇ ಗುರುತು ಹಾಕೋಕೆ ಹೋದ್ರೆ ಮೊದಲಿನ ನಾಲ್ಕೂ ಕಾಣಲ್ಲ. ಅವಳಿಗೆ ಓಲೆ ಇದೆ, ಹಣೆ ಮೇಲೆ ಪಟ್ಟಿ ಇದೆ, ಕೆನ್ನೆ ಮೇಲೆ ಮಸಿ ಇದೆ ಅಂತ ಆಸೆ ಆಗತ್ತೆ, ನನಗೂ ಆಗತ್ತೆ, ಆದ್ರೂ ಬಿಟ್ಟುಬಿಡಿ.

ಸೈಜ್ ಯಾವುದು ಅಂತ ಮೊದಲು ತೀರ್ಮಾನ ಮಾಡಿ

ನಾನು ಎಲ್ಲರಿಗೂ ಹೇಳೋದು 48×48 ಇಂದ ಶುರು ಮಾಡಿ ಅಂತಲೇ. ಅದಕ್ಕೆ ಕಾರಣ ಇದೆ. ಆರ್‌ಪಿಜಿ ಮೇಕರ್ ಅಂತ ಗೇಮ್ ಮಾಡೋ ಸಾಫ್ಟ್‌ವೇರ್ ಇದೆ, ಅದರ 2000 ಮತ್ತು 2003 ಆವೃತ್ತಿಗಳಲ್ಲಿ ಮುಖದ ಸೈಜ್ 48×48, ವಿಎಕ್ಸ್ ಮತ್ತು ವಿಎಕ್ಸ್ ಏಸ್‌ನಲ್ಲಿ 96×96, ಎಂವಿ ಮತ್ತು ಎಂಝಡ್‌ನಲ್ಲಿ 144×144. ಲೆಕ್ಕ ಹಾಕಿ ನೋಡಿ, 48ರ ಎರಡರಷ್ಟು 96, ಮೂರರಷ್ಟು 144. ಅಂದ್ರೆ 48ರಲ್ಲಿ ಮಾಡಿದ ಮುಖವನ್ನ ಸರಿಯಾಗಿ ಎರಡು ಪಟ್ಟು ಅಥವಾ ಮೂರು ಪಟ್ಟು ದೊಡ್ಡದು ಮಾಡಿದ್ರೆ ಈ ಎಲ್ಲದಕ್ಕೂ ಒಂದು ಪಿಕ್ಸೆಲ್ ಕೂಡ ಹಾಳಾಗದೆ ಕೂರತ್ತೆ. ನಿಮ್ಮದೇ ಎಂಜಿನ್‌ನಲ್ಲಿ ಮಾಡ್ತಿದ್ರೆ ಯಾವ ಸೈಜ್ ಬೇಕಾದ್ರೂ ಇಟ್ಕೊಳ್ಳಬಹುದು, ಆದ್ರೆ 32×32ರಲ್ಲಿ ಭಾವನೆ ತೋರಿಸೋದು ತುಂಬಾ ಕಷ್ಟ, 96ಕ್ಕೆ ಹೋದ್ರೆ ಪಿಕ್ಸೆಲ್ ಸಂಖ್ಯೆ ನಾಲ್ಕು ಪಟ್ಟಾಗಿ ಮೊದಲ ಮುಖ ಮುಗಿಯೋದರೊಳಗೆ ಬೇಜಾರು ಬಂದುಬಿಡತ್ತೆ.

ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ಹೇಳಲ್ಲ. ಏಸ್‌ಪ್ರೈಟ್ ದುಡ್ಡು ಕೊಟ್ಟು ತಗೋಬೇಕು, ಈ ಕೆಲಸಕ್ಕಂತಲೇ ಮಾಡಿದ್ದು, ಲಿಬ್ರೆಸ್ಪ್ರೈಟ್ ಅದರ ಹಳೇ ಓಪನ್ ಸೋರ್ಸ್ ಆವೃತ್ತಿಯಿಂದ ಕವಲೊಡೆದದ್ದು, ಫ್ರೀ. ಪಿಸ್ಕೆಲ್ ಬ್ರೌಸರ್‌ನಲ್ಲೇ ನಡೆಯತ್ತೆ. ಕ್ರಿಟಾ, ಗಿಂಪ್ ಇದ್ರೂ ಆಗತ್ತೆ, ಆದ್ರೆ ಬ್ರಷ್ ಬಿಟ್ಟು ಪೆನ್ಸಿಲ್ ಥರದ ಅಂಚು ಮಸುಕಾಗದ ಟೂಲ್ ತಗೋಬೇಕು, ಸೈಜ್ 1 ಪಿಕ್ಸೆಲ್. ಮೌಸ್ ಸಾಕು, ಟ್ಯಾಬ್ಲೆಟ್ ಇಲ್ಲ ಅಂತ ಕೊರಗಬೇಡಿ, ನಾನು ಇವತ್ತಿಗೂ ಮೌಸ್‌ನಲ್ಲೇ ಮಾಡೋದು.

ಒಂದು ಸೆಟಿಂಗ್ ಮಾತ್ರ ಕಡ್ಡಾಯ: ಅದೇ ಫೈಲನ್ನ ಎರಡು ಕಿಟಕಿಯಲ್ಲಿ ತೆರೆದಿಡಿ, ಒಂದು ಕೆಲಸ ಮಾಡೋಕೆ 800% ಝೂಮ್, ಇನ್ನೊಂದು ಗೇಮ್‌ನಲ್ಲಿ ಕಾಣೋ ಸೈಜ್‌ನಲ್ಲೇ, ಅಂದ್ರೆ 100% ಅಥವಾ 200%. ಏಸ್‌ಪ್ರೈಟ್‌ನಲ್ಲಿ ಇದಕ್ಕಂತ ಪ್ರೀವ್ಯೂ ಕಿಟಕಿ ಇದೆ. ಈ ಲೇಖನದಲ್ಲಿ ಬೇರೆ ಎಲ್ಲ ಮರೆತರೂ ಇದನ್ನ ಮರೀಬೇಡಿ. ಇದೇ ಕಮ್ಮಾರ ಹೆಂಗಸನ್ನ ನಾನು ಮೊದಲನೇ ಸಲ ಮಾಡಿದಾಗ ಮೂರು ಸಂಜೆ ಬರೀ ಝೂಮ್‌ನಲ್ಲೇ ಕೂತು ಮೂಗು, ತುಟಿ, ರೆಪ್ಪೆ ಎಲ್ಲ ತಿದ್ದಿದ್ದೆ, ದೊಡ್ಡದಾಗಿ ನೋಡಿದ್ರೆ ತುಂಬಾ ಚೆನ್ನಾಗಿತ್ತು. ಗೇಮ್‌ಗೆ ಹಾಕಿ ಗೆಳೆಯನಿಗೆ ತೋರಿಸಿದೆ, ಅವನು ನೋಡಿದ ತಕ್ಷಣ "ಮೀಸೆ ಇರೋನು ಯಾರು, ಕಮ್ಮಾರಳ ಗಂಡನಾ?" ಅಂದ. ಮೂಗಿನ ಕೆಳಗೆ ನೆರಳು ಅಂತ ಅತಿ ಗಾಢ ಬಣ್ಣದ ಐದು ಪಿಕ್ಸೆಲ್ ಹಾಕಿದ್ದೆ, ನಿಜವಾದ ಸೈಜ್‌ನಲ್ಲಿ ಅದು ಮೀಸೆಯಾಗಿ ಕೂತಿತ್ತು. ಅವನಿಗೆ ಒಂದೇ ಕ್ಷಣದಲ್ಲಿ ಕಂಡದ್ದು ನನಗೆ ಮೂರು ದಿನ ಕಂಡಿರಲಿಲ್ಲ. ಅದನ್ನ ಮೂರು ಪಿಕ್ಸೆಲ್‌ಗೆ ಇಳಿಸಿ, ಒಂದು ಮೆಟ್ಟಿಲು ತಿಳಿ ಬಣ್ಣ ಹಾಕಿದ ಮೇಲೆ ಸರಿ ಹೋಯ್ತು. ಬದಲಾಗಿದ್ದು ಐದೇ ಪಿಕ್ಸೆಲ್, ಅಷ್ಟಕ್ಕೇ ಗಂಡಸು ಹೋಗಿ ಹೆಂಗಸು ಬಂದ್ಲು.

ಬಣ್ಣ ಮೊದಲೇ ಆರಿಸಿಕೊಳ್ಳಿ, ಕಡಿಮೆ ಇಟ್ಕೊಳ್ಳಿ

ಹಳೇ ಕನ್ಸೋಲ್‌ಗಳಲ್ಲಿ ಇದು ಆಯ್ಕೆಯ ಮಾತಾಗಿರಲಿಲ್ಲ. ಗೇಮ್ ಬಾಯ್‌ನಲ್ಲಿ ನಾಲ್ಕೇ ಛಾಯೆ, ಸೂಪರ್ ನಿಂಟೆಂಡೊದಲ್ಲಿ ಒಂದು ಸ್ಪ್ರೈಟ್‌ನ (ಪರದೆ ಮೇಲೆ ಓಡಾಡೋ ಪುಟ್ಟ ಚಿತ್ರದ) ಪ್ಯಾಲೆಟ್‌ಗೆ, ಅಂದ್ರೆ ಬಣ್ಣದ ಪಟ್ಟಿಗೆ, 16 ಬಣ್ಣ, ಅದರಲ್ಲೂ ಒಂದು ಪಾರದರ್ಶಕಕ್ಕೆ ಹೋಗಿ ಉಳಿಯೋದು 15. ಈಗ ಆ ಕಟ್ಟುಪಾಡು ಇಲ್ಲ, ಆದ್ರೂ ನಾವೇ ಹಾಕ್ಕೋಬೇಕು, ಯಾಕಂದ್ರೆ ಪುಟ್ಟ ಜಾಗದಲ್ಲಿ 40 ಬಣ್ಣ ತುರುಕಿದ್ರೆ ಪಕ್ಕ ಪಕ್ಕದ ಪಿಕ್ಸೆಲ್‌ಗಳ ನಡುವೆ ವ್ಯತ್ಯಾಸವೇ ಉಳಿಯಲ್ಲ, ಮುಖ ಕಲಸಿದ ಹಾಗಾಗತ್ತೆ. ತಿದ್ದೋದೂ ಕಷ್ಟ. 12 ಬಣ್ಣ ಇದ್ರೆ ಚರ್ಮ ಸ್ವಲ್ಪ ಕೆಂಪಾಗ್ಬೇಕು ಅನ್ನಿಸಿದಾಗ ಇಂಡೆಕ್ಸ್ಡ್ ಮೋಡ್‌ನಲ್ಲಿ (ಪ್ರತಿ ಪಿಕ್ಸೆಲ್ ಪ್ಯಾಲೆಟ್‌ನ ಒಂದು ಬಣ್ಣದ ನಂಬರ್ ಮಾತ್ರ ಇಟ್ಕೊಳ್ಳೋ ಮೋಡ್) ಒಂದು ಬಣ್ಣ ಬದಲಾಯಿಸಿದ್ರೆ ಮುಖದಲ್ಲಿ ಅದು ಇರೋ ಕಡೆಯೆಲ್ಲ ಒಟ್ಟಿಗೇ ಬದಲಾಗತ್ತೆ.

ಕಮ್ಮಾರಳಿಗೆ ನಾನು ಇಟ್ಟ ಬಣ್ಣಗಳು ಹೀಗಿವೆ. ಚರ್ಮಕ್ಕೆ ಐದು ಮೆಟ್ಟಿಲು, ಕೆಂಪು-ಹಸಿರು-ನೀಲಿ ಸಂಖ್ಯೆಗಳಲ್ಲಿ ಹೇಳೋದಾದ್ರೆ ಗಾಢದಿಂದ ತಿಳಿಗೆ: 84-44-60, 140-78-62, 190-118-80, 226-164-108, 246-208-150. ಇದನ್ನ ಸ್ವಲ್ಪ ಗಮನಿಸಿ ನೋಡಿ. ಬರೀ ಬೆಳಕು ಹೆಚ್ಚು ಕಡಿಮೆ ಮಾಡಿಲ್ಲ, ಗಾಢ ಕಡೆಗೆ ಹೋದಾಗ ನೇರಳೆ ಕಡೆ ವಾಲಿದೆ, ತಿಳಿ ಕಡೆಗೆ ಬಂದಾಗ ಹಳದಿ ಕಡೆ ವಾಲಿದೆ. ಇದಕ್ಕೆ ಹ್ಯೂ ಶಿಫ್ಟಿಂಗ್ ಅಂತಾರೆ. ಒಂದು ಕಂದು ಬಣ್ಣ ತಗೊಂಡು ಅದಕ್ಕೇ ಕಪ್ಪು ಬಿಳಿ ಬೆರೆಸ್ತಾ ಹೋದ್ರೆ ಚರ್ಮ ಮಣ್ಣಿನ ಗೊಂಬೆ ಥರ ಕಾಣತ್ತೆ, ರಕ್ತ ಇಲ್ಲದ ಹಾಗೆ. ಕಪ್ಪು ಚರ್ಮ ಇರಲಿ ಬಿಳಿ ಚರ್ಮ ಇರಲಿ ಇದೇ ಸೂತ್ರ, ಶುರು ಆಗೋ ಜಾಗ ಮಾತ್ರ ಬೇರೆ.

ಇದರ ಮೇಲೆ ಔಟ್‌ಲೈನ್‌ಗೆ 44-24-44, ಅಪ್ಪಟ ಕಪ್ಪು ಬೇಡ, ಅದು ಚಿತ್ರದಲ್ಲಿ ತೂತು ಬಿದ್ದ ಹಾಗೆ ಕಾಣತ್ತೆ. ಕೂದಲಿಗೆ ಎರಡು, 78-50-74 ಮತ್ತು ನರೆಗೆ 128-98-110, ಕೂದಲಿನ ಅತಿ ಗಾಢ ಭಾಗಕ್ಕೆ ಔಟ್‌ಲೈನ್ ಬಣ್ಣವೇ ಸಾಕು. ಬಟ್ಟೆಗೆ 56-84-88 ಮತ್ತು 88-126-116. ಕಣ್ಣಿನ ಬಿಳಿಗೆ 230-214-196, ಅಪ್ಪಟ ಬಿಳಿ ಅಲ್ಲ. ಒಟ್ಟು 11, ಹಿನ್ನೆಲೆಯ ಪಾರದರ್ಶಕ ಸೇರಿ 12. ಸ್ವಂತ ಬಣ್ಣ ಆರಿಸೋಕೆ ಧೈರ್ಯ ಇಲ್ಲ ಅಂದ್ರೆ ಡಾನ್‌ಬ್ರಿಂಗರ್ 16 ಅಥವಾ ಎಂಡೆಸ್ಗಾ 32 ಥರದ ರೆಡಿ ಪ್ಯಾಲೆಟ್ ತಗೊಳ್ಳಿ, ಲೋಸ್ಪೆಕ್ ಸೈಟ್‌ನಲ್ಲಿ ಬೇಕಾದಷ್ಟು ಸಿಗತ್ತೆ. ಇಡೀ ಗೇಮ್‌ನ ಎಲ್ಲ ಮುಖಗಳಿಗೂ ಒಂದೇ ಪ್ಯಾಲೆಟ್ ಬಳಸಿದ್ರೆ ಅವರೆಲ್ಲ ಒಂದೇ ಲೋಕದವರು ಅನ್ಸತ್ತೆ, ಇದು ನಿಜಕ್ಕೂ ದೊಡ್ಡ ಲಾಭ.

ತಲೆ ಕೂರಿಸೋದು

ಪೋರ್ಟ್ರೇಟ್ ಡೈಲಾಗ್ ಬಾಕ್ಸ್‌ನ ಎಡಕ್ಕೆ ಬರೋದಾದ್ರೆ ಮುಖ ಬಲಕ್ಕೆ, ಅಂದ್ರೆ ಅಕ್ಷರಗಳ ಕಡೆ ತಿರುಗಿರಲಿ. ಪೂರ್ತಿ ನೇರ ಮುಖ ಮಾಡಿದ್ರೆ ಐಡಿ ಕಾರ್ಡ್ ಫೋಟೋ ಥರ ಆಗತ್ತೆ, ಪೂರ್ತಿ ಪಕ್ಕಕ್ಕೆ ತಿರುಗಿಸಿದ್ರೆ ಒಂದೇ ಕಣ್ಣು ಕಾಣೋದರಿಂದ ಭಾವನೆ ಅರ್ಧ ಹೋಗತ್ತೆ. ಇವೆರಡರ ನಡುವೆ, ಮುಕ್ಕಾಲು ಭಾಗ ಕಾಣೋ ಹಾಗೆ ತಿರುಗಿದ ಮುಖವೇ ಒಳ್ಳೇದು.

ಮೇಲಿಂದ ಸಾಲು ಎಣಿಸಿಕೊಳ್ಳಿ. ಕೂದಲಿನ ತುದಿ 4ನೇ ಸಾಲಿಗೆ, ಗಲ್ಲ 39ನೇ ಸಾಲಿಗೆ, ಉಳಿದ ಕೆಳಗಿನ ಜಾಗ ಕುತ್ತಿಗೆ ಮತ್ತು ಹೆಗಲಿಗೆ. ಕಣ್ಣಿನ ಸಾಲು ತಲೆಯ ಮಧ್ಯಕ್ಕೆ ಬರ್ಬೇಕು, ಅಂದ್ರೆ 22ರ ಹತ್ತಿರ. ಹೊಸಬರೆಲ್ಲ ಕಣ್ಣನ್ನ ಮೇಲಕ್ಕೆ ಹಾಕ್ತಾರೆ, ಹಣೆ ಮತ್ತು ತಲೆಬುರುಡೆಗೆ ಎಷ್ಟು ಜಾಗ ಬೇಕು ಅನ್ನೋದು ನಮ್ಮ ಕಣ್ಣಿಗೆ ಬೀಳಲ್ಲ, ಕನ್ನಡಿಯಲ್ಲಿ ಸ್ಕೇಲ್ ಹಿಡಿದು ನೋಡಿದ್ರೆ ಗೊತ್ತಾಗತ್ತೆ. ಮೂಗಿನ ತಳ ಕಣ್ಣು ಮತ್ತು ಗಲ್ಲದ ನಡುವೆ, 30 ಅಥವಾ 31. ಮೂಗಿಂದ ಗಲ್ಲಕ್ಕೆ ಇರೋ ದೂರದಲ್ಲಿ ಮೂರನೇ ಒಂದು ಭಾಗ ಕೆಳಗಿಳಿದ್ರೆ ಬಾಯಿ, 33 ಅಥವಾ 34. ಇದು ದೊಡ್ಡವರ ಲೆಕ್ಕ. ಮಕ್ಕಳಿಗೆ ಕಣ್ಣು ಎರಡು ಮೂರು ಸಾಲು ಕೆಳಗೆ ಇಳಿಸಿ, ಗಲ್ಲ ಚಿಕ್ಕದು ಮಾಡಿ, ತಾನಾಗೇ ಮಗು ಆಗತ್ತೆ. ಅನಿಮೆ ಸ್ಟೈಲ್ ಬೇಕು ಅನ್ನೋರು ಕಣ್ಣು ದೊಡ್ಡದು ಮಾಡಿ, ಸಾಲು ಮಾತ್ರ ಇದೇ ಇರಲಿ.

ಈಗ ಗೆರೆ ಎಳೀಬೇಡಿ! ಮೊದಲು ಮೂರು ಬಣ್ಣ ತುಂಬಿ: ಮುಖಕ್ಕೆ ಚರ್ಮದ ಮಧ್ಯದ ಬಣ್ಣ, ಕೂದಲಿಗೊಂದು, ಬಟ್ಟೆಗೊಂದು. ಕಣ್ಣಿಲ್ಲ ಮೂಗಿಲ್ಲ, ಬರೀ ಆಕಾರ. ಅದನ್ನ ಚಿಕ್ಕ ಕಿಟಕಿಯಲ್ಲಿ ನೋಡಿ, ಅಗಲ ದವಡೆಯ ಗಟ್ಟಿ ಹೆಂಗಸು ಅಂತ ಈಗಲೇ ಅನ್ನಿಸ್ಬೇಕು. ಅನ್ನಿಸದೇ ಇದ್ರೆ ಮುಂದೆ ಹಾಕೋ ಯಾವ ಡೀಟೇಲ್‌ನಿಂದಲೂ ಅದು ಬರಲ್ಲ. ಪೇಪರ್ ಮೇಲೆ ಚೆನ್ನಾಗಿ ಬಿಡಿಸೋ ಅಭ್ಯಾಸ ಇರೋರು ದೊಡ್ಡ ಸ್ಕೆಚ್ ಮಾಡಿ, ಅದನ್ನ 48ಕ್ಕೆ ಇಳಿಸಿ, ಕೆಳಗಿನ ಲೇಯರ್‌ನಲ್ಲಿ ಮಂದವಾಗಿ ಇಟ್ಕೊಂಡು ಮೇಲೆ ಹೊಸದಾಗಿ ಪಿಕ್ಸೆಲ್ ಹಾಕಬಹುದು. ಇಳಿಸಿದ ಚಿತ್ರವನ್ನೇ ಫೈನಲ್ ಅಂತ ಬಳಸ್ಬೇಡಿ, ಅದರಲ್ಲಿ ನೂರಾರು ಅರೆಬರೆ ಬಣ್ಣ ಇರತ್ತೆ, ಯಾವ ಪಿಕ್ಸೆಲ್ ಕೂಡ ಯಾರೋ ಯೋಚಿಸಿ ಇಟ್ಟದ್ದಲ್ಲ, ನೋಡಿದ್ರೆ ಗೊತ್ತಾಗಿಬಿಡತ್ತೆ.

ದವಡೆಯ ಅಂಚಿನ ಬಗ್ಗೆ ಒಂದು ಮಾತು. ಬಾಗಿದ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣದೆ ನುಣುಪಾಗಿ ಹರೀಬೇಕಂದ್ರೆ ಪ್ರತಿ ತುಂಡಿನ ಉದ್ದ ಒಂದು ಕ್ರಮದಲ್ಲಿ ಬದಲಾಗ್ಬೇಕು. ಕೆನ್ನೆಯಿಂದ ಕೆಳಗೆ ಬರ್ತಾ ನೆಟ್ಟಗೆ 6 ಪಿಕ್ಸೆಲ್, ಆಮೇಲೆ 4, 2, 1, 1, ಅಲ್ಲಿಂದ ಅಡ್ಡಕ್ಕೆ ತಿರುಗಿ 2, 4. ಇದು ಸರಾಗವಾಗಿ ಹರಿಯತ್ತೆ. ಅದೇ 5, 2, 4, 1, 3 ಅಂತ ಇದ್ರೆ ಎಲ್ಲೋ ಮುರಿದ ಹಾಗೆ ಕಾಣತ್ತೆ. ಪಿಕ್ಸೆಲ್ ಆರ್ಟ್ ಮಾಡೋರು ಇದಕ್ಕೆ ಜ್ಯಾಗಿ ಅಂತಾರೆ. ಏನೋ ಸರಿಯಿಲ್ಲ ಆದ್ರೆ ಏನು ಅಂತ ಗೊತ್ತಾಗ್ತಿಲ್ಲ ಅಂದಾಗ ಮೊದಲು ಅಂಚಿನ ಪಿಕ್ಸೆಲ್ ಎಣಿಸಿ, ಹತ್ತಕ್ಕೆ ಎಂಟು ಸಲ ತಪ್ಪು ಅಲ್ಲೇ ಸಿಗತ್ತೆ.

ಕಣ್ಣು

ಇಲ್ಲಿ ಸಮಯ ಕೊಡಿ, ನಾನು ಒಂದು ಮುಖಕ್ಕೆ ಕೊಡೋ ಸಮಯದಲ್ಲಿ ಅರ್ಧ ಕಣ್ಣಿಗೇ ಹೋಗತ್ತೆ. ಮುಖ ಬಲಕ್ಕೆ ತಿರುಗಿರೋದರಿಂದ ನಮಗೆ ಹತ್ತಿರದ ಕಣ್ಣು ಚಿತ್ರದ ಎಡಕ್ಕೆ, ಅದು 6 ಪಿಕ್ಸೆಲ್ ಅಗಲ, 4 ಸಾಲು ಎತ್ತರ. ದೂರದ ಕಣ್ಣು 4 ಪಿಕ್ಸೆಲ್ ಅಗಲ ಸಾಕು.

ಹತ್ತಿರದ ಕಣ್ಣನ್ನ ಸಾಲು ಸಾಲಾಗಿ ಹೇಳ್ತೀನಿ. ಮೊದಲನೇ ಸಾಲು ಮೇಲಿನ ರೆಪ್ಪೆ, ಔಟ್‌ಲೈನ್ ಬಣ್ಣದ 5 ಪಿಕ್ಸೆಲ್ ಸಾಲಾಗಿ, ಆರನೇದು ಕಣ್ಣಿನ ಹೊರಗಿನ ಮೂಲೆ, ಅದನ್ನ ಒಂದು ಸಾಲು ಕೆಳಗೆ ಇಳಿಸಿ, ಆಗ ರೆಪ್ಪೆ ಬಾಗಿದ ಹಾಗೆ ಕಾಣತ್ತೆ. ಎರಡನೇ ಸಾಲಿನಲ್ಲಿ ಮೂಗಿನ ಕಡೆಯಿಂದ ಶುರು ಮಾಡಿ ಒಂದು ಬಿಳಿ, ಎರಡು ಗಾಢ ಪಿಕ್ಸೆಲ್ ಅಂದ್ರೆ ಪಾಪೆ, ಆಮೇಲೆ ಬಿಳಿ ಬದಲು ಚರ್ಮದ ಮೂರನೇ ಬಣ್ಣ, ಯಾಕಂದ್ರೆ ಅಲ್ಲಿ ರೆಪ್ಪೆಯ ನೆರಳು ಬೀಳತ್ತೆ. ಮೂರನೇ ಸಾಲು: ಬಿಳಿ, ಕೂದಲಿನ ಬಣ್ಣದ ಎರಡು ಪಿಕ್ಸೆಲ್, ಬಿಳಿ. ಹೀಗೆ ಮಾಡಿದಾಗ ಪಾಪೆ ಮೇಲೆ ಗಾಢ, ಕೆಳಗೆ ತಿಳಿ ಆಗಿ ಕಣ್ಣಿಗೆ ಆಳ ಬರತ್ತೆ. ನಾಲ್ಕನೇ ಸಾಲು ಕೆಳ ರೆಪ್ಪೆ, ಇಲ್ಲಿ ಪೂರ್ತಿ ಗೆರೆ ಎಳೀಬೇಡಿ, ಮಧ್ಯದಲ್ಲಿ ಚರ್ಮದ ಎರಡನೇ ಗಾಢ ಬಣ್ಣದ 2 ಅಥವಾ 3 ಪಿಕ್ಸೆಲ್ ಅಷ್ಟೆ. ಸುತ್ತಲೂ ಕಪ್ಪು ಗೆರೆ ಹಾಕಿದ್ರೆ ಕಣ್ಣು ಮುಖದ ಮೇಲೆ ಅಂಟಿಸಿದ ಸ್ಟಿಕ್ಕರ್ ಥರ ಆಗತ್ತೆ, ನಿದ್ದೆ ಕೆಟ್ಟವರ ಥರವೂ ಕಾಣತ್ತೆ.

ಕೊನೆಗೆ ಹೊಳಪು. ಎರಡನೇ ಸಾಲಿನ ಪಾಪೆಯ ಎರಡು ಪಿಕ್ಸೆಲ್‌ನಲ್ಲಿ ಬೆಳಕಿನ ಕಡೆ ಇರೋದನ್ನ (ನಾನು ಬೆಳಕು ಬಲ ಮೇಲಿಂದ ಇಡ್ತೀನಿ, ಅಂದ್ರೆ ಬಲಗಡೆಯದನ್ನ) ಅತಿ ತಿಳಿ ಬಣ್ಣಕ್ಕೆ ಬದಲಾಯಿಸಿ, ಒಂದೇ ಪಿಕ್ಸೆಲ್. ಆ ಒಂದು ಪಿಕ್ಸೆಲ್ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿ. ಇಲ್ಲದಾಗ ಗೋಡೆ ನೋಡ್ತಿರೋ ಮುಖ, ಇದ್ದಾಗ ನಿಮ್ಮನ್ನೇ ನೋಡ್ತಿರೋ ಮುಖ. ನನಗೆ ಈ ಕೆಲಸದಲ್ಲಿ ಅತಿ ಇಷ್ಟವಾದ ಕ್ಷಣ ಅಂದ್ರೆ ಇದೇ, ಎಷ್ಟು ಸಲ ಮಾಡಿದ್ರೂ ಖುಷಿ ಕಡಿಮೆ ಆಗಿಲ್ಲ. ಎರಡೂ ಕಣ್ಣಲ್ಲಿ ಹೊಳಪು ಒಂದೇ ಕಡೆ ಇರ್ಬೇಕು ಅನ್ನೋದನ್ನ ಮಾತ್ರ ನೆನಪಿಟ್ಕೊಳ್ಳಿ, ಕನ್ನಡಿ ಬಿಂಬದ ಥರ ಎದುರುಬದುರು ಅಲ್ಲ. ಮೋಸ ಹೋದವರು, ಮಾಟಕ್ಕೆ ಸಿಕ್ಕಿದವರು, ಸತ್ತು ಎದ್ದು ಬಂದವರು ಇಂಥ ಕ್ಯಾರೆಕ್ಟರ್ ಇದ್ರೆ ಬೇಕಂತಲೇ ಹೊಳಪು ತೆಗೀಬಹುದು, ಆಡೋರಿಗೆ ಕಾರಣ ಗೊತ್ತಾಗದೇ ಇದ್ರೂ ಮೈ ಜುಂ ಅನ್ನತ್ತೆ.

ಹುಬ್ಬು ಕಣ್ಣಿಗಿಂತ ಒಂದು ಪಿಕ್ಸೆಲ್ ಅಗಲ ಇರಲಿ, ಕಣ್ಣಿಂದ ಎರಡು ಸಾಲು ಮೇಲೆ. ಕಮ್ಮಾರಳ ಸುಟ್ಟ ಗಾಯ ಇಲ್ಲೇ ಬರತ್ತೆ: ಗಾಯ ಬಿಡಿಸೋಕೆ ಹೋಗದೆ ಹುಬ್ಬನ್ನೇ ಒಂದು ಕಡೆ ತುಂಡು ಮಾಡಿ ಆ ಜಾಗದಲ್ಲಿ ಚರ್ಮದ ತಿಳಿ ಬಣ್ಣದ ಎರಡು ಪಿಕ್ಸೆಲ್ ಓರೆಯಾಗಿ ಇಟ್ಟೆ, ಅಲ್ಲಿ ಕೂದಲು ಬೆಳೀತಿಲ್ಲ ಅನ್ನೋದು ಸಾಕು, ಉಳಿದದ್ದನ್ನ ನೋಡೋರು ಊಹಿಸ್ಕೊಳ್ತಾರೆ.

ಮೂಗು, ಬಾಯಿ, ಕೂದಲು

ಮೂಗಿಗೆ ಔಟ್‌ಲೈನ್ ಹಾಕ್ಲೇಬೇಡಿ. ತುದಿಯಲ್ಲಿ ಒಂದು ತಿಳಿ ಪಿಕ್ಸೆಲ್, ನೆರಳಿನ ಪಕ್ಕದಲ್ಲಿ ಮೇಲಿಂದ ಇಳಿಯೋ 4-5 ಪಿಕ್ಸೆಲ್ ಸ್ವಲ್ಪ ಗಾಢ, ತಳದಲ್ಲಿ ನಾನು ಮೊದಲೇ ಹೇಳಿದ ಮೂರು ಪಿಕ್ಸೆಲ್ ನೆರಳು. ಇಷ್ಟೇ ಮೂಗು.

ಬಾಯಿ ಅಂದ್ರೆ ಎರಡು ತುಟಿ ಸೇರೋ ಗೆರೆ, ತುಟಿಯ ಸುತ್ತಳತೆ ಅಲ್ಲ. ಚರ್ಮದ ಎರಡನೇ ಗಾಢ ಬಣ್ಣದಲ್ಲಿ 7 ಪಿಕ್ಸೆಲ್ ಗೆರೆ, ಎರಡು ತುದಿಗೆ ಮಾತ್ರ ಅತಿ ಗಾಢ ಬಣ್ಣ, ಒಂದು ಸಾಲು ಬಿಟ್ಟು ಕೆಳಗೆ ಮೂರು ಪಿಕ್ಸೆಲ್ ನೆರಳು, ಅದು ಕೆಳತುಟಿಯ ಉಬ್ಬು ತೋರಿಸತ್ತೆ. ಬಾಯಿಯ ಸ್ವಭಾವ ಇರೋದು ತುದಿಯಲ್ಲಿ, ತುದಿ ಒಂದು ಪಿಕ್ಸೆಲ್ ಕೆಳಗಿದ್ರೆ ಹಠಮಾರಿ, ಒಂದು ಪಿಕ್ಸೆಲ್ ಮೇಲಿದ್ರೆ ಸಲೀಸು ಮನುಷ್ಯ.

ಕೂದಲಿನಲ್ಲಿ ಎಲ್ಲರೂ ಎಳೆ ಎಳೆಯಾಗಿ ಗೆರೆ ಎಳೆಯೋಕೆ ಹೋಗ್ತಾರೆ, ಆಮೇಲೆ ಅದು ಪೊರಕೆ ಥರ ಆಗತ್ತೆ. ಕೂದಲನ್ನ ಮೂರು ನಾಲ್ಕು ದೊಡ್ಡ ತುಂಡು ಅಂತ ನೋಡಿ, ಪ್ರತಿ ತುಂಡಿಗೂ ಒಂದು ತಿಳಿ ಜಾಗ ಒಂದು ಗಾಢ ಜಾಗ ಕೊಡಿ, ಅಂಚಿನಲ್ಲಿ ಒಂದೆರಡು ಕಡೆ ಮಾತ್ರ ಎಳೆ ತಪ್ಪಿಸಿಕೊಂಡು ಬರಲಿ. ಒಂಟಿಯಾಗಿ ಎಲ್ಲೋ ಬಿದ್ದಿರೋ ಪಿಕ್ಸೆಲ್ ಕಂಡ್ರೆ ಅದು ಯಾಕೆ ಅಲ್ಲಿದೆ ಅಂತ ಕೇಳ್ಕೊಳ್ಳಿ, ಕಣ್ಣಿನ ಹೊಳಪು, ಮೂಗಿನ ತುದಿ ಬಿಟ್ರೆ ಬೇರೆ ಒಂಟಿ ಪಿಕ್ಸೆಲ್‌ಗೆ ಉತ್ತರ ಸಿಗೋದು ಅಪರೂಪ, ಅಳಿಸಿಬಿಡಿ ಅಥವಾ ಪಕ್ಕದ ಗುಂಪಿಗೆ ಸೇರಿಸಿ.

ನೆರಳು ಬೆಳಕು

ಬೆಳಕು ಎಲ್ಲಿಂದ ಬರ್ತಿದೆ ಅಂತ ಒಂದು ಸಲ ತೀರ್ಮಾನ ಮಾಡಿ ಇಡೀ ಗೇಮ್‌ನ ಎಲ್ಲ ಮುಖಕ್ಕೂ ಅದನ್ನೇ ಇಡಿ. ನಾನು ಮುಖ ನೋಡ್ತಿರೋ ದಿಕ್ಕಿನ ಮೇಲಿಂದ, ಅಂದ್ರೆ ಬಲ ಮೇಲಿಂದ ಇಡ್ತೀನಿ. ಹಾಗಾದಾಗ ಹಣೆ, ಮೂಗು, ಕೆನ್ನೆಯ ಮುಂಭಾಗ ಬೆಳಗತ್ತೆ, ಎಡಗಡೆ ಕಪಾಲ, ಕೆನ್ನೆಯ ಹಿಂಭಾಗ, ದವಡೆಯ ಕೆಳಗೆ, ಕುತ್ತಿಗೆ ನೆರಳಿಗೆ ಹೋಗತ್ತೆ. ಮುಖ ಒಂದು ಡಬ್ಬಿ ಅಂದ್ಕೊಳ್ಳಿ, ಮುಂದಿನ ಫಲಕ ಬೆಳಕು, ಪಕ್ಕದ ಫಲಕ ನೆರಳು, ಮೊದಲು ಇಷ್ಟೇ ಎರಡು ಬಣ್ಣದಲ್ಲಿ ಮಾಡಿ, ಆಮೇಲೆ ನಡುವೆ ಬೇರೆ ಮೆಟ್ಟಿಲು.

ಹೊಸಬರು ಇಲ್ಲಿ ಮಾಡೋ ತಪ್ಪು ಎರಡು. ಒಂದು ಪಿಲ್ಲೋ ಶೇಡಿಂಗ್, ಬೆಳಕಿನ ದಿಕ್ಕೇ ಇಲ್ಲದೆ ಅಂಚಿನ ಸುತ್ತ ಗಾಢ, ಮಧ್ಯಕ್ಕೆ ಬರ್ತಾ ತಿಳಿ, ಮುಖ ದಿಂಬಿನ ಥರ ಉಬ್ಬತ್ತೆ. ಇನ್ನೊಂದು ಬ್ಯಾಂಡಿಂಗ್, ಇದು ಗುರುತಿಸೋಕೆ ಕಷ್ಟ. ಒಂದು ಬಣ್ಣದ ಅಂಚಿಗೆ ಸರಿಯಾಗಿ ತಾಗಿಕೊಂಡೇ ಮುಂದಿನ ಬಣ್ಣ ಅದೇ ಉದ್ದ ಅದೇ ಆಕಾರದಲ್ಲಿ ಬಂದ್ರೆ ನೆರಳು ಪದರ ಪದರವಾಗಿ ಕಾಣತ್ತೆ, ಪಿಕ್ಸೆಲ್‌ಗಳ ಚೌಕ ಎದ್ದು ಕಾಣತ್ತೆ. ಪರಿಹಾರ ಸುಲಭ, ನೆರಳಿನ ಪಟ್ಟಿ ಒಂದು ಕಡೆ ದಪ್ಪ ಇರಲಿ ಇನ್ನೊಂದು ಕಡೆ ತೆಳ್ಳಗಾಗಿ ಮಾಯ ಆಗಲಿ, ಕೊನೆಗಳು ಒಂದೇ ಕಡೆ ಸೇರೋದು ಬೇಡ.

ಡಿದರಿಂಗ್, ಅಂದ್ರೆ ಚದುರಂಗದ ಮನೆ ಥರ ಎರಡು ಬಣ್ಣದ ಪಿಕ್ಸೆಲ್ ಒಂದು ಬಿಟ್ಟು ಒಂದು ಇಡೋದು, ಮುಖದ ಮೇಲೆ ಬೇಡ. ಚರ್ಮ ಒರಟಾಗಿ, ಗಡ್ಡ ಬೋಳಿಸದ ಹಾಗೆ ಕಾಣತ್ತೆ. ಬೋಳಿಸದ ಗಡ್ಡವೇ ಬೇಕಾದಾಗ ಮಾತ್ರ ಬಹಳ ಉಪಯೋಗ.

ಆಂಟಿ ಏಲಿಯಾಸಿಂಗ್ ಅಂದ್ರೆ ಮೆಟ್ಟಿಲಿನ ಮೂಲೆಯಲ್ಲಿ ನಡುವಿನ ಬಣ್ಣದ ಪಿಕ್ಸೆಲ್ ಇಟ್ಟು ಅಂಚನ್ನ ಮೆತ್ತಗೆ ಮಾಡೋದು. ಕೂದಲು ಹಣೆ ಸೇರೋ ಕಡೆ, ದವಡೆ ಕುತ್ತಿಗೆ ಸೇರೋ ಕಡೆ ಮಾಡಿ, 4 ಪಿಕ್ಸೆಲ್ ಉದ್ದದ ತುಂಡಿಗೆ ಒಂದು, ಹೆಚ್ಚಂದ್ರೆ ಎರಡು. ತಲೆಯ ಹೊರಗಿನ ಅಂಚಿಗೆ ಮಾತ್ರ ಮಾಡ್ಬೇಡಿ, ಯಾಕಂದ್ರೆ ಹಿಂದೆ ಯಾವ ಬಣ್ಣ ಬರತ್ತೆ ಅಂತ ನಮಗೆ ಗೊತ್ತಿರಲ್ಲ, ಬಿಳಿ ಮೇಲೆ ನೋಡ್ಕೊಂಡು ಮೆತ್ತಗೆ ಮಾಡಿದ ಅಂಚು ಗಾಢ ನೀಲಿ ಡೈಲಾಗ್ ಬಾಕ್ಸ್ ಮೇಲೆ ಕೂತಾಗ ಸುತ್ತ ಬಿಳಿ ಧೂಳು ಹತ್ತಿದ ಹಾಗೆ ಕಾಣತ್ತೆ. ಹೊರ ಅಂಚಿಗೆ ಬೇರೆ ಉಪಾಯ ಇದೆ, ಬೆಳಕು ಬೀಳೋ ಕಡೆ ಔಟ್‌ಲೈನನ್ನ ಅಲ್ಲಲ್ಲಿ ಕೂದಲಿನ ಅಥವಾ ಚರ್ಮದ ಗಾಢ ಬಣ್ಣಕ್ಕೆ ಬದಲಾಯಿಸಿ, ನೆರಳಿನ ಕಡೆ ಹಾಗೇ ಬಿಡಿ.

ಇಷ್ಟಾದ ಮೇಲೆ ಎರಡು ಪರೀಕ್ಷೆ. ಚಿತ್ರವನ್ನ ಎಡ ಬಲ ತಿರುಗಿಸಿ ನೋಡಿ, ದೂರದ ಕಣ್ಣು ಮೇಲೆ ಕೆಳಗೆ ಆಗಿದ್ರೆ, ಗಲ್ಲ ಸೊಟ್ಟ ಇದ್ರೆ ಕಣ್ಣಿಗೆ ಹೊಡೆಯತ್ತೆ. ಆಮೇಲೆ ಬಣ್ಣ ತೆಗೆದು ಬರೀ ಕಪ್ಪು ಬಿಳಿಯಲ್ಲಿ ನೋಡಿ, ಕೂದಲು ಎಲ್ಲಿ ಮುಗೀತು ಚರ್ಮ ಎಲ್ಲಿ ಶುರುವಾಯ್ತು ಅಂತ ಗೊತ್ತಾಗದೇ ಇದ್ರೆ ಬಣ್ಣದ ಮೆಟ್ಟಿಲುಗಳನ್ನ ಇನ್ನೂ ದೂರ ಸರಿಸ್ಬೇಕು.

ಭಾವನೆಗಳು

ಒಂದು ಮುಖ ಮುಗಿದ ಮೇಲೆ ಉಳಿದವು ಬೇಗ ಆಗತ್ತೆ, ಅದೂ ಹುಬ್ಬು, ಕಣ್ಣು, ಬಾಯಿ ಬೇರೆ ಬೇರೆ ಲೇಯರ್‌ನಲ್ಲಿ ಇದ್ರೆ. ಸಿಟ್ಟಿಗೆ ಹುಬ್ಬಿನ ಒಳತುದಿ ಒಂದು ಪಿಕ್ಸೆಲ್ ಕೆಳಗಿಳಿಸಿ, ಮೇಲಿನ ರೆಪ್ಪೆಯನ್ನೂ ಒಂದು ಸಾಲು ಇಳಿಸಿ ಪಾಪೆಯ ಮೇಲ್ಭಾಗ ಮುಚ್ಚಿ. ದುಃಖಕ್ಕೆ ಅದೇ ಒಳತುದಿ ಒಂದು ಪಿಕ್ಸೆಲ್ ಮೇಲೆ, ಹೊರತುದಿ ಕೆಳಗೆ, ಬಾಯಿಯ ತುದಿ ಕೆಳಗೆ. ಆಶ್ಚರ್ಯಕ್ಕೆ ಹುಬ್ಬು ಪೂರ್ತಿ ಎರಡು ಸಾಲು ಮೇಲೆ, ಪಾಪೆಯ ಮೇಲೆ ಒಂದು ಸಾಲು ಬಿಳಿ ಸೇರಿಸಿ, ಬಾಯಿ 3 ಪಿಕ್ಸೆಲ್ ಅಗಲ 4 ಎತ್ತರದ ಗಾಢ ತುಂಡು. ನಗುವಿಗೆ ಬಾಯಿ ಮಾತ್ರ ಬದಲಾಯಿಸಿದ್ರೆ ಅದು ನಾಟಕದ ನಗು, ನಿಜವಾದ ನಗುವಿನಲ್ಲಿ ಕೆನ್ನೆ ಮೇಲೆದ್ದು ಕೆಳ ರೆಪ್ಪೆ ಒಂದು ಸಾಲು ಮೇಲೆ ಬರತ್ತೆ, ಕಣ್ಣು ಕಿರಿದಾಗತ್ತೆ. ಇದು ಎಷ್ಟು ಉಪಯೋಗಕ್ಕೆ ಬರತ್ತೆ ಅಂದ್ರೆ, ನಿಮ್ಮ ಕಥೆಯಲ್ಲಿ ನಗ್ತಾ ಮೋಸ ಮಾಡೋ ಕ್ಯಾರೆಕ್ಟರ್ ಇದ್ರೆ ಬಾಯಿ ನಗಿಸಿ ಕಣ್ಣನ್ನ ಹಾಗೇ ಬಿಟ್ಟುಬಿಡಿ.

ಒಂದೊಂದು ಭಾವನೆಗೂ ತಲೆಯನ್ನೂ ಒಂದು ಪಿಕ್ಸೆಲ್ ಅಲ್ಲಾಡಿಸಿ ನೋಡಿ, ದುಃಖಕ್ಕೆ ಕೆಳಗೆ, ಹೆಮ್ಮೆಗೆ ಮೇಲೆ, ಹೆಗಲು ಮಾತ್ರ ಅಲ್ಲೇ ಇರಲಿ. ಡೈಲಾಗ್ ನಡುವೆ ಮುಖ ಬದಲಾದಾಗ ಅದು ಅನಿಮೇಷನ್ ಥರವೇ ಕಾಣತ್ತೆ. ಕಣ್ಣು ಮಿಟುಕಿಸೋದು ಬೇಕಾದ್ರೆ ಮೂರು ಫ್ರೇಮ್ ಸಾಕು, ತೆರೆದದ್ದು, ಅರ್ಧ, ಮುಚ್ಚಿದ್ದು.

ಗೇಮ್‌ಗೆ ಹಾಕೋದು

ಸೇವ್ ಮಾಡೋದು ಪಿಎನ್‌ಜಿಯಲ್ಲಿ ಮಾತ್ರ. ಜೆಪೆಗ್ ಮಾಡಿದ್ರೆ ಅಂಚಿನ ಸುತ್ತ ಕೊಳೆ ಬಣ್ಣ ಸೇರ್ಕೊಳ್ಳತ್ತೆ, ಪಾರದರ್ಶಕವೂ ಇರಲ್ಲ. ದೊಡ್ಡದು ಮಾಡುವಾಗ ನಿಯರೆಸ್ಟ್ ನೇಬರ್ (ಹೊಸ ಬಣ್ಣ ಬೆರೆಸದೆ ಪಿಕ್ಸೆಲ್‌ಗಳನ್ನ ಹಾಗೇ ದೊಡ್ಡದು ಮಾಡೋ ವಿಧಾನ) ಆಯ್ಕೆ ಮಾಡಿ, 200%, 300%, 400% ಹೀಗೆ ಪೂರ್ಣ ಸಂಖ್ಯೆ ಮಾತ್ರ, 150% ಮಾಡಿದ್ರೆ ಕೆಲವು ಪಿಕ್ಸೆಲ್ ಒಂದಾಗೇ ಉಳಿದು ಕೆಲವು ಎರಡಾಗಿ ಅಷ್ಟು ಕಷ್ಟಪಟ್ಟ ಕಣ್ಣು ಸೊಟ್ಟ ಆಗತ್ತೆ.

ಆರ್‌ಪಿಜಿ ಮೇಕರ್‌ಗೆ ಮುಖಗಳನ್ನ ಒಂದು ಶೀಟ್‌ನಲ್ಲಿ ಜೋಡಿಸ್ಬೇಕು. 2000 ಮತ್ತು 2003ಕ್ಕೆ ಶೀಟ್ 192×192, ಸಾಲಿಗೆ ನಾಲ್ಕರಂತೆ 16 ಮುಖ, ಫೈಲ್ 256 ಬಣ್ಣದ ಇಂಡೆಕ್ಸ್ಡ್ ಆಗಿರ್ಬೇಕು, ಇಲ್ಲದಿದ್ರೆ ತಗೊಳ್ಳಲ್ಲ. ವಿಎಕ್ಸ್ ಮತ್ತು ಏಸ್‌ಗೆ 384×192, ಎಂವಿ ಮತ್ತು ಎಂಝಡ್‌ಗೆ 576×288, ಎರಡರಲ್ಲೂ ಸಾಲಿಗೆ ನಾಲ್ಕರಂತೆ ಎರಡು ಸಾಲು, 8 ಮುಖ. ನಾನು ಒಂದು ಕ್ಯಾರೆಕ್ಟರ್‌ಗೆ ಒಂದು ಶೀಟ್ ಇಟ್ಟು ಎಂಟೂ ಜಾಗಕ್ಕೆ ಅವರದೇ ಭಾವನೆ ತುಂಬ್ತೀನಿ, ಮಾಮೂಲಿ ಮುಖ ಯಾವಾಗಲೂ ಮೊದಲನೇ ಜಾಗಕ್ಕೆ, ಸಿಟ್ಟು ಯಾವಾಗಲೂ ಮೂರನೇದಕ್ಕೆ, ಹೀಗೆ ಕ್ರಮ ಒಂದೇ ಇದ್ರೆ ಆಮೇಲೆ ಡೈಲಾಗ್ ಹಾಕುವಾಗ ಹುಡುಕೋ ಕೆಲಸ ಇರಲ್ಲ.

ಗೋಡೋ 4 ಗೇಮ್ ಎಂಜಿನ್‌ನಲ್ಲಾದ್ರೆ ಪ್ರಾಜೆಕ್ಟ್ ಸೆಟಿಂಗ್ಸ್‌ನಲ್ಲಿ ಡೀಫಾಲ್ಟ್ ಟೆಕ್ಸ್‌ಚರ್ ಫಿಲ್ಟರ್ ನಿಯರೆಸ್ಟ್ ಮಾಡಿ, ಯುನಿಟಿಯಲ್ಲಿ ಚಿತ್ರದ ಫಿಲ್ಟರ್ ಮೋಡ್ ಪಾಯಿಂಟ್, ಕಂಪ್ರೆಷನ್ None ಅಂತ ಇಡಿ. ಗೇಮ್‌ಗೆ ಹಾಕಿದ ಮೇಲೆ ನನ್ನ ಮುಖ ಮಸುಕಾಯ್ತು ಅಂತ ಕೇಳೋರಲ್ಲಿ ಹೆಚ್ಚಿನವರು ಈ ಸೆಟಿಂಗ್ ನೋಡಿರಲ್ಲ.

ಆಮೇಲೆ ಎಲ್ಲ ಕ್ಯಾರೆಕ್ಟರ್‌ಗಳ ಮಾಮೂಲಿ ಮುಖಗಳನ್ನ ಒಂದೇ ಸಾಲಿನಲ್ಲಿಟ್ಟು ನೋಡಿ. ಕಣ್ಣಿನ ಸಾಲು ಎಲ್ಲರದೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಇರ್ಬೇಕು, ಇಲ್ಲದಿದ್ರೆ ಮಾತು ಒಬ್ಬರಿಂದ ಇನ್ನೊಬ್ಬರಿಗೆ ಹೋದಾಗಲೆಲ್ಲ ನೋಟ ಮೇಲೆ ಕೆಳಗೆ ಕುಣಿಯತ್ತೆ. ಎಲ್ಲರನ್ನೂ ಒಂದೇ ಕಪ್ಪು ಬಣ್ಣದಿಂದ ತುಂಬಿ ಬರೀ ಆಕಾರ ನೋಡಿದ್ರೂ ಇವಳು ಕಮ್ಮಾರಳು, ಇವನು ಮಂತ್ರವಾದಿ ಅಂತ ಗುರುತು ಸಿಗ್ಬೇಕು. ನನ್ನ ಮೊದಲ ಗೇಮ್‌ನಲ್ಲಿ ಒಂಬತ್ತು ಜನರಲ್ಲಿ ನಾಲ್ವರ ತಲೆ ಒಂದೇ ಥರ ಇತ್ತು, ಕೂದಲಿನ ಬಣ್ಣ ಮಾತ್ರ ಬೇರೆ, ಆ ನಾಲ್ವರನ್ನೂ ಮತ್ತೆ ಮೊದಲಿಂದ, ಆ ಮೂರು ಬಣ್ಣ ತುಂಬೋ ಹಂತದಿಂದಲೇ ಮಾಡ್ಬೇಕಾಯ್ತು. ಆದ್ರಿಂದ ಡೀಟೇಲ್‌ಗೆ ಇಳಿಯೋ ಮುಂಚೆ, ಎಲ್ಲರ ಆಕಾರಗಳನ್ನೂ ಒಂದೇ ಫೈಲ್‌ನಲ್ಲಿ ಪಕ್ಕ ಪಕ್ಕ ಮಾಡ್ಕೊಂಡು, ಅದು ಒಪ್ಪಿಗೆ ಆದ ಮೇಲಷ್ಟೇ ಮೊದಲನೇ ಕಣ್ಣಿಗೆ ಕೈ ಹಾಕಿ.